ಗಂಧ ತೇಯ್ದ ಕೈ

ಆ ಕಾಲದಲ್ಲಿ ಮನೆಗಳು ಸಾಕ್ಷಿ ಹೇಳುತ್ತಿದ್ದವು, ನ್ಯಾಯಾಲಯ ಅದನ್ನು ನಂಬುತ್ತಿತ್ತು. ಮನುಷ್ಯರು ಮರೆಯಬಹುದು, ಸಿಟ್ಟಿನಲ್ಲಿ ಇಲ್ಲದ್ದನ್ನು ಸೇರಿಸಬಹುದು. ನೆಲಕ್ಕೂ ಗೋಡೆಗೂ ಯಾರ ಮೇಲೂ ಸಿಟ್ಟಿಲ್ಲ. ಆದ್ದರಿಂದ ಅವು ಹೇಳಿದ್ದೇ ನಿಜ ಎನ್ನುವುದು ಕಾನೂನಿನ ನಂಬಿಕೆಯಾಗಿತ್ತು.

ಮಂದಾಕಿನಿಯೂ ಹಾಗೆಯೇ ನಂಬಿದ್ದಳು. ಅಣ್ಣನ ಮನೆಯ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾಗ ಅವಳ ಫೋನಿಗೆ ಆ ನೋಟೀಸು ಬರುವವರೆಗೆ.

“ಏನಾತ ಮಂದಾ? ಮುಖ ಯಾಕ ಹಂಗ ಮಾಡಿದಿ?” ಎಂದಳು ಅತ್ತಿಗೆ ಸುನಂದಾ. ಅವಳ ಕೈಯಲ್ಲಿ ಅರ್ಧ ಬಿಡಿಸಿದ ಮೆಂತ್ಯದ ಕಟ್ಟಿತ್ತು.

“ವೈನಿ, ಅವರ ಸರದಿ ಇದ್ದಾಗ ನಾ ಆ ಮನಿಗೆ ಹೋಗೀನಿ ಅಂತ ಬಂದದ.”

“ಯಾರು ಹೇಳ್ಯಾರ?”

“ಮನಿ ಹೇಳೇದ.”

ಸುನಂದಾ ಮೆಂತ್ಯ ಕೆಳಗಿಟ್ಟಳು. “ಹುಚ್ಚ ಹಿಡದದೇನು ಅದಕ್ಕ? ದಿನಾ ನಸುಕಿನ್ಯಾಗ ನೀ ನನ್ನ ಅಡಿಗಿಮನ್ಯಾಗ ನಿಂತು ನನ್ನ ಚಹಾ ಕೆಡಿಸ್ತೀ. ನಾ ಬಂದು ಹೇಳಲೇನು?”

ಮಂದಾಕಿನಿಗೆ ನಗು ಬರಲಿಲ್ಲ. ನೋಟೀಸಿನ ಕೊನೆಯ ಸಾಲನ್ನೇ ಮತ್ತೆ ಓದುತ್ತಿದ್ದಳು. ಸರದಿ ಮೀರಿದ ಇರವು ಸಾಬೀತಾದರೆ ಆದೇಶ ರದ್ದಾಗುತ್ತದೆ, ಮಗು ತಪ್ಪು ಮಾಡದ ಪಾಲಕರ ವಶಕ್ಕೆ ಹೋಗುತ್ತದೆ.

ಮಗುವೆಂದರೆ ಮೇಧು. ಸುಮೇಧಾ ಎಂದು ಹೆಸರಿಟ್ಟವರು ಅಜ್ಜಿ, ಮೇಧು ಎಂದು ಚಿಕ್ಕದು ಮಾಡಿದವರು ಉಳಿದವರೆಲ್ಲ.

ಸರದಿ ಮನೆಯ ಕಾನೂನು ಬಂದದ್ದು ಮಕ್ಕಳ ಸಲುವಾಗಿ. ಹಿಂದೆ ತಂದೆತಾಯಿ ಬೇರೆಯಾದರೆ ಮಕ್ಕಳು ಬಟ್ಟೆಯ ಚೀಲ ಹೊತ್ತು ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಎಂದು ಅಲೆಯುತ್ತಿದ್ದವು. ಇಲ್ಲಿ ಬಿಟ್ಟ ಪುಸ್ತಕ ಅಲ್ಲಿ ಬೇಕಾಗುತ್ತಿತ್ತು; ಇಲ್ಲಿ ಹತ್ತಿದ ನಿದ್ದೆ ಅಲ್ಲಿ ಹತ್ತುತ್ತಿರಲಿಲ್ಲ. ಬೇರೆಯಾದವರು ದೊಡ್ಡವರು, ಅಲೆದಾಟ ಮಕ್ಕಳಿಗೇಕೆ ಎಂದು ಯಾರೋ ಪುಣ್ಯಾತ್ಮರು ಕೇಳಿದರು. ಆಮೇಲೆ ಮಗು ಹುಟ್ಟಿದ ಮನೆಯಲ್ಲೇ ಉಳಿಯಿತು. ತಂದೆ ಒಂದು ವಾರ, ತಾಯಿ ಒಂದು ವಾರ ಬಂದು ಹೋಗತೊಡಗಿದರು. ಮಗು ವಯಸ್ಸಿಗೆ ಬರುವವರೆಗೆ ಮನೆ ಇಬ್ಬರ ಹೆಸರಿನಲ್ಲೂ ಇರಬೇಕು, ಒಬ್ಬರೇ ಮಾರುವಂತಿಲ್ಲ. ಶಾಲೆ, ಔಷಧ, ಮುಂಜಿ, ಮದುವೆ ಎಲ್ಲಕ್ಕೂ ಇಬ್ಬರ ಒಪ್ಪಿಗೆ ಬೇಕು. ಒಬ್ಬರ ವಾರದಲ್ಲಿ ಇನ್ನೊಬ್ಬರು ಹೊಸ್ತಿಲು ದಾಟಬಾರದು. ಈ ಕೊನೆಯ ಷರತ್ತು ಇಲ್ಲದಿದ್ದಾಗ ಎಷ್ಟೋ ಮನೆಗಳಲ್ಲಿ ಹಳೆಯ ಜಗಳಗಳು ಮತ್ತೆ ಬಂದು ಮಗುವಿನ ಊಟದ ತಾಟಿನ ಮುಂದೆ ಕುಳಿತವಂತೆ.

ಷರತ್ತು ಕಾಯಲು ಬಂದದ್ದೇ ಗೃಹಸಾಕ್ಷಿ. ಅದಕ್ಕೆ ಕಣ್ಣಿರಲಿಲ್ಲ. ಮನೆಯೊಳಗೆ ಕ್ಯಾಮೆರಾ ಇಡಬಾರದು, ಮಾತು ಕೇಳಬಾರದು ಎಂದು ಕಾನೂನು ಖಡಾಖಂಡಿತ ಹೇಳಿತ್ತು. ನೆಲದ ಕೆಳಗೆ ಕೂದಲಿನಷ್ಟು ತೆಳುವಾದ ತಂತಿ, ಗೋಡೆಯೊಳಗೆ ಗುಂಡಿಯಷ್ಟು ದೊಡ್ಡ ಬಿಲ್ಲೆ, ಇಷ್ಟೇ. ತಂತಿ ಹೆಜ್ಜೆಯ ಅದುರನ್ನು ಹಿಡಿಯುತ್ತಿತ್ತು, ಬಿಲ್ಲೆ ಕೈಕೆಲಸದ ಅದುರನ್ನು. ಒಬ್ಬರು ನಡೆದಂತೆ ಇನ್ನೊಬ್ಬರು ನಡೆಯುವುದಿಲ್ಲ. ಒಬ್ಬರು ಈರುಳ್ಳಿ ಹೆಚ್ಚಿದಂತೆ ಇನ್ನೊಬ್ಬರು ಹೆಚ್ಚುವುದಿಲ್ಲ. ಕಾಲ್ನಡೆ, ಕೈನಡೆ ಎಂದು ಅದಕ್ಕೆ ಹೆಸರು. ಇವೆರಡನ್ನೂ ಕಲಿತ ಮನೆ ಯಾವಾಗ ಯಾರು ಒಳಗಿದ್ದರು ಎಂದು ಹೇಳಬಲ್ಲುದಾಗಿತ್ತು.

ಧಾರವಾಡದ ಮಾಳಮಡ್ಡಿಯ ಆ ಹಂಚಿನ ಮನೆಗೆ ಗೃಹಸಾಕ್ಷಿ ಹಾಕಲು ಬಂದಾಗ ಇನ್ನೂ ಇಂದಿರಾಬಾಯಿ ಇದ್ದರು, ಮಂದಾಕಿನಿಯ ಅತ್ತೆ. ಮಗ ಸೊಸೆ ಬೇರೆಯಾದದ್ದಕ್ಕೆ ಅವರು ಯಾರನ್ನೂ ಬಯ್ಯಲಿಲ್ಲ. ದೇವರ ಮನೆಯ ಬಾಗಿಲಿಗೆ ಅಡ್ಡ ನಿಂತು ಇಷ್ಟೇ ಹೇಳಿದ್ದರು: “ಎಲ್ಲಾ ಕಡೆ ಹಾಕ್ರಿ. ಈ ನೆಲಾ ಮಾತ್ರ ಅಗಿಬ್ಯಾಡ್ರಿ. ನಮ್ಮ ಅತ್ತಿಯವರು ಸಾರಿಸಿದ ನೆಲ ಅದು.”

ಕೆಲಸದವರು ಒಪ್ಪಿದರು. ದೇವರ ಮನೆಯಿಂದ ಹಿತ್ತಲಿಗೆ ಒಂದು ಸಣ್ಣ ಬಾಗಿಲಿತ್ತು. ಹಿತ್ತಲಿನ ಬಚ್ಚಲಲ್ಲಿ ಜಳಕ ಮಾಡಿ, ಮಡಿಯಲ್ಲಿ, ಮನೆಯ ಬೇರೇನನ್ನೂ ಮುಟ್ಟದೆ ನೇರ ಒಳಗೆ ಬರಲೆಂದು ಹಿರಿಯರು ಇಟ್ಟ ಬಾಗಿಲು. ಅದಕ್ಕೂ ತಂತಿ ಬೇಡವೆಂದರು ಇಂದಿರಾಬಾಯಿ. ಅಡುಗೆಮನೆಗೂ ದೇವರ ಮನೆಗೂ ನಡುವಿನ ಗೋಡೆಯಲ್ಲಿ ಮಾತ್ರ ಒಂದು ಬಿಲ್ಲೆ ಕೂತಿತು.

ಕಳೆದ ಮಾಘದಲ್ಲಿ ಆ ಹಿರಿಯ ಜೀವ ಹೋಯಿತು. ಹೋದದ್ದು ಮಗನ ವಾರದಲ್ಲಿ. ಮಂದಾಕಿನಿ ಅಪ್ಪಣೆ ಪಡೆದು ಬಂದು, ಪಡಸಾಲೆಯಲ್ಲಿ ಬಂಧುಗಳ ಹಿಂದೆ ಕುಳಿತು, ಅಪ್ಪಣೆಯ ಹೊತ್ತು ಮುಗಿದ ಕೂಡಲೇ ಎದ್ದು ಹೋಗಿದ್ದಳು. ಮನಸ್ಸು ತುಂಬ ಅಳುವುದಕ್ಕೂ ಸರದಿ ಬರಬೇಕಾಯಿತು. ತನ್ನ ವಾರ ಬಂದಾಗ, ಅತ್ತೆ ಕುಳಿತುಕೊಳ್ಳುತ್ತಿದ್ದ ಮಣೆಯ ಮುಂದೆ ಕುಳಿತು ಅತ್ತಳು.

ವಾದಿರಾಜನೊಂದಿಗೆ ಅವಳಿಗೆ ದೊಡ್ಡ ಜಗಳವೇನೂ ಆಗಿರಲಿಲ್ಲ. ಅವನು ಬಸ್ ಡಿಪೋದಲ್ಲಿ ಮೇಲ್ವಿಚಾರಕ. ಕುಡಿತವಿಲ್ಲ, ಬೈಗುಳವಿಲ್ಲ. ಮನೆಯಲ್ಲಿದ್ದೂ ಇಲ್ಲದವನಂತೆ ಇರುತ್ತಿದ್ದ, ಅಷ್ಟೇ. ತಾಟು ಬಂದರೆ ಉಂಡ, ಹಾಸಿದರೆ ಮಲಗಿದ, ಕೇಳಿದರೆ ‘ಹೂಂ’ ಎಂದ. ತಂದೆ ಹೋದ ಮೇಲೆ ಪೂಜೆ ತನ್ನಿಂದಾಗದೆಂದು ಸಾಲಿಗ್ರಾಮವನ್ನು ಮಠಕ್ಕೆ ಒಪ್ಪಿಸಿ ಬಂದಿದ್ದ. ಕೃಷ್ಣನ ಸಣ್ಣ ವಿಗ್ರಹಕ್ಕೆ ದೀಪ ಹಚ್ಚುವುದು, ಹೂವೇರಿಸುವುದು, ಸಾಣೆಕಲ್ಲಿನ ಮೇಲೆ ಗಂಧ ತೇಯುವುದು ಹೆಂಗಸರಿಗೆ ಉಳಿಯಿತು. ಇಂದಿರಾಬಾಯಿಯ ಕೈಗಳು ನಡುಗತೊಡಗಿದ ಮೇಲೆ ಅದೆಲ್ಲ ಮಂದಾಕಿನಿಯದಾಯಿತು. ಮನೆಯನ್ನು ಒಬ್ಬಳೇ ಎತ್ತಿ ಹಿಡಿದಂತೆ ಅವಳಿಗೆ ಅನ್ನಿಸತೊಡಗಿತು. ಒಂದು ದಿನ ಕೆಳಗಿಟ್ಟಳು.

* * *

ಗೃಹಸಾಕ್ಷಿ ಕೇಂದ್ರ ಹುಬ್ಬಳ್ಳಿ ರಸ್ತೆಯ ಮೇಲೆ ಒಂದು ಕಟ್ಟಡದ ಮೇಲಂತಸ್ತಿನಲ್ಲಿತ್ತು. ಪರೀಕ್ಷಕಿ ಶಕುಂತಲಾ ಹಂಚಿನಮನಿ ಇಬ್ಬರನ್ನೂ ಎದುರು ಬದುರು ಕೂಡಿಸಿದಳು. ನಡುವೆ ಒಂದು ಮೇಜು, ಮೇಜಿನ ಮೇಲೆ ಯಾರೂ ಮುಟ್ಟದ ನೀರಿನ ಲೋಟಗಳು.

“ನೋಡ್ರಿ,” ಎಂದಳು ಹಂಚಿನಮನಿ, “ವಾದಿರಾಜ ಅವರ ಸರದಿಯೊಳಗ, ಮುಂಜಾನೆ ಹೊತ್ತಿನ್ಯಾಗ, ಮಂದಾಕಿನಿ ಅವರ ಕೈನಡೆ ಮನ್ಯಾಗ ಕೇಳೇದ. ಒಂದ ಸಲ ಅಲ್ಲ, ಮತ್ತ ಮತ್ತ ಕೇಳೇದ. ಯಾವ ಕೋಣಿ, ಯಾವ ಕೆಲಸ ಅಂತ ಈಗ ನಾ ಹೇಳಂಗಿಲ್ಲ. ಮೊದಲ ಹೇಳಿಬಿಟ್ರ ಪರೀಕ್ಷಾ ಮಾಡೂದಕ್ಕ ಅರ್ಥ ಉಳಿಯೂದಿಲ್ಲ. ನಿಮಗೇನರ ಹೇಳೂದದ ಏನು?”

“ನಾ ಹೋಗಿಲ್ರಿ,” ಎಂದಳು ಮಂದಾಕಿನಿ.

ವಾದಿರಾಜ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುತ್ತಾನೆಂದು ಮಂದಾಕಿನಿ ಎಣಿಸಿರಲಿಲ್ಲ.

“ನಾನ ಕರದಿದ್ದೆ ರೀ,” ಎಂದ.

“ಏನು?” ಎಂದಳು ಮಂದಾಕಿನಿ.

“ಹೌದು. ನಾನ ಬಾ ಅಂದಿದ್ದೆ. ಅಕಿದೇನೂ ತಪ್ಪಿಲ್ಲ.”

“ಯಾವಾಗ ಕರದಿದ್ರಿ? ಸುಳ್ಳು ಯಾಕ ಹೇಳ್ತೀರಿ?”

“ಮಂದಾ, ನೀ ಸುಮ್ಮನಿರು. ನಾ ಹೇಳ್ತೀನಲ್ಲ.”

“ಇಷ್ಟು ವರ್ಷ ಸುಮ್ಮನ ಕೂತವರು ನೀವು. ಈಗ ಬಾಯಿ ಬಂತೇನು, ಅದೂ ಸುಳ್ಳು ಹೇಳಲಿಕ್ಕೆ?”

ಹಂಚಿನಮನಿ ಕೈಯೆತ್ತಿ ತಡೆದಳು. ಅವಳ ಮುಖದಲ್ಲಿ ನಗುವಿನ ಸುಳಿವಿತ್ತೋ ಇಲ್ಲವೋ ಹೇಳುವುದು ಕಷ್ಟ. “ವಾದಿರಾಜ ಅವರೇ, ನೀವು ಕರದಿದ್ರ ಆದೇಶ ಇಬ್ಬರೂ ಮುರದಂಗ ಆತು. ಆವಾಗ ಮನಿ ಬಾಗಿಲಾ ಹಾಕತಾರ. ಮಗು ಎಲ್ಲಿರಬೇಕು ಅಂತ ನ್ಯಾಯಾಲಯ ಬ್ಯಾರೇನ ವಿಚಾರ ಮಾಡತದ. ಗೊತ್ತದ ಏನು?”

ವಾದಿರಾಜನ ಮುಖ ಬಿಳಿಚಿತು. “ಹಂಗಾದ್ರ ನಾ ಕರದಿಲ್ರಿ,” ಎಂದ.

“ಒಂದ ಕಡೆ ನಿಲ್ಲರಿ ಮತ್ತ.”

“ಇಲ್ರಿ. ಕರದಿಲ್ಲ. ಅಕಿ ಕೂಸನ್ನ ನೋಡಲಿಕ್ಕೆ ನಾ ಜಳಕಕ್ಕ ಹೋದಾಗ ಬರ್ತಿರಬೇಕು ಅಂದ್ಕೊಂಡೆ. ಮನಿ ಹೇಳೇದ ಅಂದ ಮ್ಯಾಲ ಬಂದಿರಬೇಕಲ್ಲ? ಬರಲಿ ಬಿಡ್ರಿ. ತಾಯಿ ಅಲ್ಲ ಅಕಿ? ಅದಕ್ಕ ಯಾಕ ಕೂಸನ್ನ ಕಸಗೋಬೇಕು?”

ಮಂದಾಕಿನಿ ತಲೆ ತಗ್ಗಿಸಿದಳು. ಗಂಡನೂ ತನ್ನ ಮಾತನ್ನು ನಂಬಲಿಲ್ಲವೆಂದು ಒಂದು ಕಡೆ ಉರಿಯಿತು. ಆದರೆ ಅವನು ತನಗೋಸ್ಕರ ನಾಲ್ಕು ಜನರೆದುರು ಆಡಿದ ಮೊದಲ ಮಾತು ಅದು. ಸುಳ್ಳಾದರೂ ಮಾತೇ. ಎಲ್ಲವೂ ಮುಗಿದ ಮೇಲೆ ಹೀಗೆ ಆಡಿದನಲ್ಲ ಎಂದು ಆ ಉರಿಯ ಪಕ್ಕದಲ್ಲೇ ಇನ್ನೇನೋ ಕಲಕಿತು. ಅದಕ್ಕೆ ಹೆಸರಿಡಲು ಅವಳಿಗೆ ಮನಸ್ಸಾಗಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಅವನು, “ನಿಜ ಹೇಳು, ಬಂದಿರಲಿಲ್ಲೇನು?” ಎಂದು ಮೆಲ್ಲನೆ ಕೇಳಿದ.

“ದೇವರಾಣೆ ಇಲ್ಲ.”

“ಹಂಗಾದ್ರ ಮನಿ ತಪ್ಪೇದ,” ಎಂದ. ನ್ಯಾಯಾಲಯ ನಂಬುವುದನ್ನು ಬಿಟ್ಟು ಅವಳ ಒಂದು ಮಾತನ್ನು ನಂಬಿ ಮೆಟ್ಟಿಲಿಳಿದು ಹೋದ.

* * *

ಪರೀಕ್ಷೆಗೆ ಹಂಚಿನಮನಿ ಹೂಡಿದ ಉಪಾಯ ಸರಳವಾಗಿತ್ತು. ವಾದಿರಾಜನ ವಾರದಲ್ಲೇ ಒಂದು ಮುಂಜಾನೆ ಮಂದಾಕಿನಿ ಕೇಂದ್ರಕ್ಕೆ ಬಂದು ಕೂಡಬೇಕು. ಯಾವ ದಿನವೆಂದು ವಾದಿರಾಜನಿಗೆ ತಿಳಿಸುವುದಿಲ್ಲ. ಅವಳು ಕಣ್ಣೆದುರಿಗೇ ಇದ್ದಾಗ ಮನೆ ಏನು ಹೇಳುತ್ತದೆ, ನೋಡೋಣ.

ಮೊದಲು ಪ್ರಯೋಗಶಾಲೆಯಲ್ಲಿ ಅವಳ ಕೈನಡೆಯನ್ನು ಹೊಸದಾಗಿ ತೆಗೆದುಕೊಂಡರು. ಕಸಬರಿಗೆ, ಲಟ್ಟಣಿಗೆ, ಈಳಿಗೆ, ಒರಳು, ಸಾಣೆಕಲ್ಲು, ಗಂಧದ ಕೊರಡು ಎಲ್ಲ ಅಲ್ಲಿ ಸಾಲಾಗಿ ಇದ್ದವು. ಒಂದೊಂದನ್ನೂ ಹಿಡಿದು ಸ್ವಲ್ಪ ಸ್ವಲ್ಪ ಕೆಲಸ ಮಾಡಿ ತೋರಿಸಬೇಕು. ಮಂದಾಕಿನಿ ಬೀಜ ಪರೀಕ್ಷಾಲಯದಲ್ಲಿ ಕೆಲಸ ಮಾಡುವವಳು. ಯಂತ್ರದ ಮುಂದೆ ಕಾಳುಗಳನ್ನು ಇಟ್ಟು ಮೊಳಕೆಯೊಡೆಯುತ್ತವೋ ಇಲ್ಲವೋ ಎಂದು ನೋಡುವುದೇ ಅವಳ ದಿನದ ಕೆಲಸ. ಈಗ ತಾನೇ ಕಾಳಾಗಿ ಕುಳಿತಂತೆ ಅನ್ನಿಸಿತು.

ಸಾಣೆಕಲ್ಲಿನ ಮೇಲೆ ಕೊರಡು ಉಜ್ಜಿದಾಗ ಪರದೆಯ ಮೇಲೆ ಗೆರೆ ಎದ್ದಿತು. ಎರಡು ಉದ್ದ, ಒಂದು ಗಿಡ್ಡ, ಸ್ವಲ್ಪ ತಡೆ. ಮತ್ತೆ ಎರಡು ಉದ್ದ, ಒಂದು ಗಿಡ್ಡ.

“ಈ ತಡಿ ಯಾಕ?” ಎಂದಳು ಹಂಚಿನಮನಿ.

“ಮಣಿಕಟ್ಟು ರೀ. ಮೇಧು ಸಣ್ಣಾಕಿ ಇದ್ದಾಗ ಹಿತ್ತಲ ಕಟ್ಟಿ ಮ್ಯಾಲಿಂದ ಜಾರಿ ಬಿದ್ದಿದ್ದೆ. ಪೂರ್ತಿ ತಿರಗೂದಿಲ್ಲ. ಎರಡು ಸಲ ಉಜ್ಜಿದ್ರ ಮೂರನೇ ಸಲ ಕೈ ಅರ್ಧಕ್ಕ ನಿಲ್ಲತದ.”

“ಹಂಗಾದ್ರ ಇದು ಬ್ಯಾರೆ ಯಾರಿಗೂ ಬರಂಗಿಲ್ಲ.”

ಮಂದಾಕಿನಿ ಕೊರಡನ್ನು ಕೆಳಗಿಟ್ಟಳು. ತನ್ನ ನೋವೇ ತನಗೆದುರು ಸಾಕ್ಷಿಯಾಗಿ ನಿಂತಿತಲ್ಲ ಎನ್ನಿಸಿತು.

ನಿಯಂತ್ರಣ ಕೋಣೆಯ ಒಂದು ಗೋಡೆಯ ತುಂಬ ಸಣ್ಣ ಸಣ್ಣ ದೀಪಗಳಿದ್ದವು, ಒಂದು ಸರದಿ ಮನೆಗೆ ಒಂದು ದೀಪ. ಕೆಲವು ಕಡೆ ಮನೆಯವರು ಎದ್ದಿದ್ದರು, ದೀಪ ಮಿನುಗುತ್ತಿತ್ತು. ಇಷ್ಟು ಮನೆಗಳೇ ಎಂದು ಮಂದಾಕಿನಿಗೆ ಅಚ್ಚರಿಯಾಯಿತು. ಒಂದೊಂದು ದೀಪದ ಹಿಂದೆಯೂ ಒಂದು ಮಗು ತನ್ನ ಹಾಸಿಗೆಯಲ್ಲೇ ಮಲಗಿದೆ. ಎಲ್ಲವನ್ನೂ ಕಾಯುವವನು ಕಾಯಲಿ ಎಂದು ಮನಸ್ಸಿನಲ್ಲೇ ಕೈ ಮುಗಿದಳು.

ಹಂಚಿನಮನಿ ಮಾಳಮಡ್ಡಿಯ ಮನೆಯನ್ನು ಪರದೆಗೆ ತಂದಳು. ಮನೆಯ ನಕ್ಷೆ ತೆರೆದುಕೊಂಡಿತು. ಮಲಗುವ ಕೋಣೆಯಲ್ಲಿ ಒಂದು ಸಣ್ಣ ಗುರುತು ಅಲುಗಾಡದೆ ಇತ್ತು.

“ಅಕಿ ಮೇಧು,” ಎಂದಳು ಮಂದಾಕಿನಿ.

“ಹೌದು. ಇಲ್ಲೆ ಇವರು ನೋಡ್ರಿ.” ಇನ್ನೊಂದು ಗುರುತು ಎದ್ದು ಹಜಾರ ದಾಟಿ ಹಿತ್ತಲ ಬಾಗಿಲಿಗೆ ಹೋಗಿ ಮಾಯವಾಯಿತು. “ಜಳಕಕ್ಕ ಹೋದ್ರು. ಹಿತ್ತಲದಾಗ ನಮಗೇನೂ ಕೇಳಸೂದಿಲ್ಲ.”

ಇಬ್ಬರೂ ಕಾದರು. ಯಾರೋ ಚಹಾ ತಂದಿಟ್ಟರು, ಅದು ಆರಿತು. ಮನೆಯಲ್ಲಿ ಮಲಗಿದ್ದ ಸಣ್ಣ ಗುರುತೊಂದೇ ಉಳಿದಿತ್ತು.

ಆಗ ಅಡುಗೆಮನೆಯ ಗೋಡೆಯ ಬಳಿ ಗೆರೆ ಎದ್ದಿತು.

ಎರಡು ಉದ್ದ, ಒಂದು ಗಿಡ್ಡ, ತಡೆ.

ಪರದೆಯ ಮೂಲೆಯಲ್ಲಿ ಅಕ್ಷರಗಳು ಮೂಡಿದವು: ದೇವರ ಮನೆ. ಗಂಧ ತೇಯುವುದು. ಮಂದಾಕಿನಿ ಇದ್ದಾರೆ.

“ಇದು ನೀವು,” ಎಂದಳು ಹಂಚಿನಮನಿ. ಅವಳ ದನಿ ಇಳಿದಿತ್ತು.

“ನಾ ಇಲ್ಲೆ ಕೂತೀನಲ್ರಿ!”

“ನನಗೂ ಕಾಣಸ್ತದ.”

ಎರಡು ಉದ್ದ, ಒಂದು ಗಿಡ್ಡ. ಮಂದಾಕಿನಿ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು. ಕೈ ಸುಮ್ಮನೆ ಮಡಿಲಲ್ಲಿತ್ತು. ಅದೇ ಕೈ ಅಲ್ಲಿ ಮನೆಯಲ್ಲಿ ಗಂಧ ತೇಯುತ್ತಿತ್ತು. ಒಂದು ಗಳಿಗೆ ಅವಳಿಗೆ ಬಂದ ಯೋಚನೆಯನ್ನು ಆಮೇಲೆ ಅವಳು ಯಾರಿಗೂ ಹೇಳಲಿಲ್ಲ. ಅತ್ಯಾ ಬಂದಾರೇನು? ತಾನಿಲ್ಲದ ವಾರ ದೇವರಿಗೆ ಗಂಧವಿಲ್ಲವೆಂದು, ಮಾಘದಲ್ಲಿ ಹೋದ ಜೀವ ಮಡಿಬಾಗಿಲಿನಿಂದ ಒಳಗೆ ಬಂದು ಮಣೆಯ ಮೇಲೆ ಕೂತಿದೆಯೇನು? ಅವಳಿಗೆ ಹೆದರಿಕೆಯಾಗಲಿಲ್ಲ. ಹಾಗೇ ಆಗಿರಲಿ ಎಂದು ಆಸೆಯಾಯಿತು.

ಪರದೆಯ ಮೇಲೆ ಮಲಗಿದ್ದ ಸಣ್ಣ ಗುರುತು ಎದ್ದಿತು. ಓಡುವ ಹೆಜ್ಜೆ, ಮೇಧುವಿನದೇ. ಅಡುಗೆಮನೆ ದಾಟಿ ದೇವರ ಮನೆಯ ಹೊಸ್ತಿಲ ತನಕ ಓಡಿ ಅಲ್ಲೇ ನಿಂತಿತು.

“ಯಾರೋ ಇದ್ದಾರ. ಕೂಸು ಅವರ ಹತ್ರ ಹೋತು,” ಎಂದು ಹಂಚಿನಮನಿ ಎದ್ದಳು. “ನಡೀರಿ. ನನ್ನ ಅಪ್ಪಣಿ ಅದ, ನೀವು ಇವತ್ತು ಹೊಸ್ತಿಲಾ ದಾಟಬಹುದು. ಲಗೂ ಬರ್ರಿ.”

* * *

ಮಾಳಮಡ್ಡಿ ಅಲ್ಲಿಂದ ನಾಲ್ಕು ಹೆಜ್ಜೆ; ಅವರು ಹಿತ್ತಲ ಕಡೆಯಿಂದಲೇ ಹೋದರು. ಬೀದಿಯಲ್ಲಿ ಆಗಲೇ ಹಾಲಿನವರ ಓಡಾಟವಿತ್ತು, ಹಿತ್ತಲಲ್ಲಿ ತುಳಸಿಕಟ್ಟೆಯ ಸುತ್ತ ಎಳೆ ಬಿಸಿಲು ಬಿದ್ದಿತ್ತು. ಕಲ್ಲಿನ ಮೇಲೆ ಒದ್ದೆ ಕಾಲಿನ ಗುರುತುಗಳು ಬಚ್ಚಲಿನಿಂದ ಸಣ್ಣ ಬಾಗಿಲ ತನಕ ಸಾಲಾಗಿ ಹೋಗಿದ್ದವು. ದೊಡ್ಡ ಪಾದಗಳು. ಅವನ್ನು ನೋಡಿದಾಗಲೇ ಮಂದಾಕಿನಿಗೆ ಗೊತ್ತಾಗಬೇಕಿತ್ತು, ಗೊತ್ತಾಗಲಿಲ್ಲ. ಅಷ್ಟು ವರ್ಷ ಜೊತೆಗಿದ್ದರೂ ಆ ಪಾದಗಳನ್ನು ಆ ಬಾಗಿಲಿನ ಕಡೆ ಹೋಗುವಂತೆ ಅವಳು ಕಲ್ಪಿಸಿಕೊಂಡೇ ಇರಲಿಲ್ಲ.

ಒಳಗಿನಿಂದ ಮಗಳ ದನಿ ಬಂತು. “ಅಪ್ಪಾ, ಗಿಡ್ಡ ಮರತಿ! ಉದ್ದ, ಉದ್ದ, ಆಮ್ಯಾಲ ಗಿಡ್ಡ.”

“ಮರತಿಲ್ಲವಾ, ಕೈ ನೋಯ್ತದ.”

“ಅಮ್ಮಂದೂ ನೋಯ್ತದ. ಆದ್ರೂ ಮಾಡ್ತಾಳ.”

ಮಂದಾಕಿನಿ ತುಳಸಿಕಟ್ಟೆಯ ಪಕ್ಕದಲ್ಲಿ ನಿಂತೇಬಿಟ್ಟಳು. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ವಾದಿರಾಜ ಒದ್ದೆ ಪಂಚೆ ಸುತ್ತಿಕೊಂಡು, ಚಳಿಗೆ ಮೈ ಕುಗ್ಗಿಸಿ, ತಾಯಿಯ ಮಣೆಯ ಮೇಲೆ ಕುಳಿತಿದ್ದ. ತಲೆಯಿಂದ ನೀರು ಸಾಣೆಕಲ್ಲಿನ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಜಳಕವಾಗದ ಮೇಧು ಅಡುಗೆಮನೆ ಕಡೆಯ ಹೊಸ್ತಿಲಿನಾಚೆ ಕುಳಿತು, ಎರಡೂ ಕೈ ಗಲ್ಲಕ್ಕಿಟ್ಟು, ಶಾಲೆಯ ಮಾಸ್ತರರಂತೆ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಉಜ್ಜಿದ, ಮತ್ತೊಮ್ಮೆ ಉಜ್ಜಿದ, ಮೂರನೆಯದಕ್ಕೆ ನೆಟ್ಟಗಿದ್ದ ತನ್ನ ಮಣಿಕಟ್ಟನ್ನು ಬೇಕೆಂದೇ ಅರ್ಧಕ್ಕೆ ತಿರುಗಿಸಿ ತಡೆದ. ಅವಳ ಮುರಿದ ಕೈ ಅವನ ಗಟ್ಟಿ ಕೈಯಲ್ಲಿ ಕುಂಟುತ್ತಿತ್ತು.

ಮೊದಲು ಮೇಧು ನೋಡಿದಳು. “ಅಮ್ಮಾ! ಇವತ್ತ ನಿಂದಲ್ಲಲ್ಲ?”

ವಾದಿರಾಜ ಬೆಚ್ಚಿ ತಿರುಗಿದ. ಕೊರಡು ಕೈತಪ್ಪಿ ಉರುಳಿತು. ಪರೀಕ್ಷಕಿಯನ್ನು ಕಂಡು ಪಂಚೆಯ ಸೆರಗನ್ನು ಹೆಗಲಿಗೆಳೆದುಕೊಂಡ. “ಅಯ್ಯೋ, ನೀವು... ಮಂದಾ, ನೀ ಯಾಕ ಬಂದಿ? ಹೊಳ್ಳಿ ಹೋಗು, ಬರಕೋತದ ಇದು!” ಎಂದು ಗೋಡೆಯ ಕಡೆ ನೋಡಿದ.

“ಅಪ್ಪಣಿ ಅದರಿ,” ಎಂದಳು ಹಂಚಿನಮನಿ. “ಅದು ಆಗಲೇ ಬರಕೊಂಡದ. ನೀವು ತೇಯೋದನ್ನ ಕೇಳಿ ಇವರ ಹೆಸರು ಬರಕೊಂಡದ. ದಿನಾ ಹಂಗ ಮಾಡೇದ.”

ವಾದಿರಾಜ ತನ್ನ ಕೈಯನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿದ. “ನಾನಽ ಏನು?” ಎಂದ. “ಅದು ನಾನಽ ಏನು?”

“ಯಾವಾಗಿಂದ ಇದು?” ಎಂದಳು ಮಂದಾಕಿನಿ. ದನಿ ತಾನಾಗಿಯೇ ಗದರಿದಂತೆ ಬಂತು.

“ಅವ್ವ ಹೋದಾಗಿಂದ.” ಅವನು ನೆಲ ನೋಡಿಕೊಂಡೇ ಹೇಳಿದ. “ಅವ್ವ ಇದ್ದಾಗ ತಾನ ಎಬ್ಬಿಸ್ತಿದ್ಲು. ಆಮ್ಯಾಲ ಕೂಸು ಏಳತಿರಲಿಲ್ಲ. ಎಬ್ಬಿಸಿದ್ರ ಅಳತಿತ್ತು. ಏನ್ ಬೇಕವಾ ಅಂದ್ರ, ‘ಸದ್ದು ಆಗಿಲ್ಲ, ಇನ್ನೂ ಮುಂಜಾನಿ ಆಗಿಲ್ಲ’ ಅಂತಿತ್ತು. ಯಾವ ಸದ್ದು ಅಂತ ನನಗ ತಿಳೀಲಿಲ್ಲ. ಹುಟ್ಟಿದಾಗಿಂದ ಅಕಿ ನೀ ಗಂಧಾ ತೇಯೋ ಸದ್ದಿಗೇ ಎದ್ದಾಳಂತ. ನನಗ ಗೊತ್ತಽ ಇರಲಿಲ್ಲ ನೋಡು. ನಾ ಇದ್ದ ಮನ್ಯಾಗ.”

“ಅಪ್ಪ ಮೊದಲ ಫೋನಿನ್ಯಾಗ ಸದ್ದು ಹಾಕಿದ್ದ,” ಎಂದಳು ಮೇಧು. “ಸದ್ದಿತ್ತು, ವಾಸನಿ ಇರಲಿಲ್ಲ. ನಾ ಏಳಲಿಲ್ಲ.”

“ಆಮ್ಯಾಲ ನಾ ತೇಯ್ದೆ. ‘ಇದು ಅಮ್ಮಂದಲ್ಲ’ ಅಂದ್ಲು. ಅಮ್ಮಂದು ಹೆಂಗ ಅಂದೆ. ಕಲಿಸಿದ್ಲು.” ವಾದಿರಾಜ ತೋಳಿನಿಂದ ಮುಖದ ನೀರು ಒರೆಸಿಕೊಂಡ. ತಲೆಯ ನೀರೋ ಬೇರೆಯದೋ ಹೇಳುವಂತಿರಲಿಲ್ಲ. “ಅವ್ವ ಇದ್ದಿದ್ರ ಮಡಿ ಇಲ್ಲದ ಕಲ್ಲು ಮುಟ್ಟಗೊಡತಿದ್ದಿಲ್ಲ. ಅದಕ್ಕ ಬಚ್ಚಲದಿಂದ ಸೀದಾ ಇಲ್ಲೇ ಬರ್ತೀನಿ.”

ಹಂಚಿನಮನಿ ಸಣ್ಣ ಬಾಗಿಲನ್ನೂ ದೇವರ ಮನೆಯ ಸಾರಿಸಿದ ನೆಲವನ್ನೂ ನೋಡಿದಳು. ಈಗ ಅವಳಿಗೆ ಎಲ್ಲ ಕೂಡಿಬಂತು. ಮಡಿಯಲ್ಲಿ ಬಂದವನ ಹೆಜ್ಜೆ ಯಾವ ತಂತಿಯ ಮೇಲೂ ಬೀಳಲಿಲ್ಲ. ಗೋಡೆಗೆ ಕೈಯ ಅದುರು ಮಾತ್ರ ಮುಟ್ಟಿತು. ಈ ಗಂಡಸು ದೇವರ ಮನೆಯಲ್ಲಿ ಕೈಯಾಡಿಸಿದ ಒಂದೇ ಒಂದು ಉದಾಹರಣೆಯೂ ಮನೆಯ ನೆನಪಿನಲ್ಲಿರಲಿಲ್ಲ. ಅವನು ಬಚ್ಚಲಲ್ಲಿದ್ದಾನೆ, ಒಳಗೆ ಅವಳಿದ್ದಾಳೆ ಎಂದು ಮನೆ ತಿಳಿಯಿತು.

“ಸುಳ್ಳಂತೂ ಹೇಳಿಲ್ಲ ಬಿಡ್ರಿ, ಪಾಪ,” ಎಂದಳು ಹಂಚಿನಮನಿ. “ಅದಕ್ಕ ಕೇಳಿಸಿದ್ದು ನಿಮ್ಮ ಕೈನಽ.”

ಮಂದಾಕಿನಿಯ ಎದೆಯ ಮೇಲೆ ಎಷ್ಟೋ ದಿನದಿಂದ ಕುಳಿತಿದ್ದ ಭಾರ ಒಮ್ಮೆಲೇ ಇಳಿಯಿತು. ತುಳಸಿಕಟ್ಟೆಯ ಅಂಚಿಗೆ ಕುಳಿತಳು. ಮೇಧು ಎಲ್ಲಿಗೂ ಹೋಗುವುದಿಲ್ಲ. ಅವಳ ಹಾಸಿಗೆ ಅಲ್ಲೇ ಇರುತ್ತದೆ, ಪಾಟಿಚೀಲ ಅದೇ ಮೊಳೆಗೆ ತೂಗುತ್ತದೆ. ನಗು ಬಂತು, ನಗುತ್ತಿದ್ದಂತೆ ಅಳು ಬಂತು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಬಾಗಿಲ ಹತ್ತಿರ ಹೋಗಿ ಕಲ್ಲಿನ ಕಡೆ ಬಗ್ಗಿ ನೋಡಿದಳು. “ನೀರು ಭಾಳ ಆಗೇದ,” ಎಂದಳು. “ಇದು ಗಂಧ ಅಲ್ಲ, ತೊಳದ ನೀರು. ತಲಿ ಮೊದಲ ಒರಸ್ಕೋರಿ. ನೆಗಡಿ ಬಂದ್ರ ಕೂಸಿಗೂ ಬರ್ತದ.”

“ಹೂಂ,” ಎಂದ ವಾದಿರಾಜ. ಅದೇ ಹಳೆಯ ‘ಹೂಂ’. ಈ ಸಲ ಅವನು ಎದ್ದು ತಲೆ ಒರೆಸಿಕೊಂಡ.

* * *

ನ್ಯಾಯಾಲಯದಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ವಯಸ್ಸಾದ ನ್ಯಾಯಾಧೀಶೆ ಹಂಚಿನಮನಿಯ ಮಾತೆಲ್ಲ ಕೇಳಿದರು. ಇರವು ಬೇರೆ, ಇರವಿನ ಗುರುತು ಬೇರೆ, ಕೈನಡೆಯನ್ನು ಕಲಿಯಬಹುದು, ಕಲಿತದ್ದು ಅಪರಾಧವಲ್ಲ ಎಂದು ತೀರ್ಪು ಹೇಳಿದರು. ಇನ್ನು ಮುಂದೆ ಕೈನಡೆಯೊಂದನ್ನೇ ನಂಬಿ ಯಾವ ಪಾಲಕರನ್ನೂ ತಪ್ಪಿತಸ್ಥರೆನ್ನಬಾರದೆಂದೂ ಆದೇಶಕ್ಕೆ ಸೇರಿಸಿದರು. ಆ ಗೋಡೆಯ ದೀಪಗಳನ್ನು ನೆನೆದು ಮಂದಾಕಿನಿಗೆ ಸಮಾಧಾನವಾಯಿತು.

“ಒಂದು ಮಾತು ಉಳೀತು,” ಎಂದರು ನ್ಯಾಯಾಧೀಶೆ. “ಮನೆಗೆ ಇವರಿಬ್ಬರ ವ್ಯತ್ಯಾಸ ತಿಳಿಯಬೇಕಲ್ಲ? ವಾದಿರಾಜ ಅವರೇ, ನಿಮ್ಮದೇ ರೀತಿಯಲ್ಲಿ ಗಂಧ ತೇಯ್ದು ಕೇಂದ್ರದವರಿಗೆ ತೋರಿಸಿ. ಅದನ್ನು ನಿಮ್ಮ ಹೆಸರಿನಲ್ಲಿ ಸೇರಿಸಿಕೊಳ್ಳುತ್ತಾರೆ.”

ವಾದಿರಾಜ ಎದ್ದು ನಿಂತ. “ನನ್ನ ರೀತಿ ಅಂತ ಏನೂ ಇಲ್ರಿ,” ಎಂದ. “ಇದೊಂದಽ ಬರ್ತದ. ಬ್ಯಾರೆ ಮಾಡಿದ್ರ ಕೂಸು ಏಳಂಗಿಲ್ಲ.”

ಕೋಣೆಯಲ್ಲಿ ಕೆಲವರು ನಕ್ಕರು. ನ್ಯಾಯಾಧೀಶೆ ಹಂಚಿನಮನಿಯತ್ತ ನೋಡಿದರು. ಒಂದು ಕೈನಡೆಗೆ ಒಂದೇ ಹೆಸರು ಎನ್ನುವುದು ಗೃಹಸಾಕ್ಷಿಯ ನಿಯಮ ಎಂದಳು ಅವಳು. ಹಾಗಾದರೆ ಏನು ಮಾಡುವುದೆಂದು ಎಲ್ಲರೂ ಯೋಚಿಸುತ್ತಿದ್ದಾಗ ಮಂದಾಕಿನಿ ಎದ್ದಳು.

“ಮನಿ ಇಬ್ಬರ ಹೆಸರಿನ್ಯಾಗ ಅದರಿ,” ಎಂದಳು. “ಕೂಸು ಇಬ್ಬರದು. ಇದನ್ನೂ ಇಬ್ಬರದು ಅಂತ ಬರಕೊಳ್ರಿ. ಆ ಸದ್ದಾದಾಗ ಮಗುವಿನ ಹತ್ರ ಇಬ್ಬರೊಳಗ ಒಬ್ಬರು ಇದ್ದಾರ ಅಂತ ತಿಳಕೊಳ್ಳಲಿ. ಅಷ್ಟು ತಿಳದ್ರ ಸಾಕಲ್ರಿ ಅದಕ್ಕ?”

ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಸಾಕು,” ಎಂದರು.

ಹೊರಗೆ ಬಂದ ಮೇಲೆ ವಾದಿರಾಜ ಬಸ್ಸಿನ ಕಡೆ ಹೊರಟವನು ನಿಂತು, “ಮಂದಾ, ಕೈ ಈಗಲೂ ನೋಯ್ತದೇನು?” ಎಂದು ಕೇಳಿದ. ಅವಳು ಬಿದ್ದ ದಿನ ಕೇಳಬೇಕಾಗಿದ್ದ ಮಾತು.

“ಚಳಿಗಾಲದಾಗ ಸ್ವಲ್ಪ,” ಎಂದಳು. ಆಮೇಲೆ, “ಗಂಧದ ಕೊರಡು ಸವದದ. ಮುಂದಿನ ಸರದಿ ನಿಮ್ಮದು. ಬರೋವಾಗ ಹೊಸಾದು ತರ್ರಿ,” ಎಂದಳು. ಅವರಿಬ್ಬರ ನಡುವೆ ಇನ್ನು ಆಗಬೇಕಾದ ಮಾತು ಅದಕ್ಕಿಂತ ಹೆಚ್ಚೇನೂ ಇರಲಿಲ್ಲ, ಹೆಚ್ಚು ಬೇಕೆಂದು ಇಬ್ಬರಿಗೂ ಅನ್ನಿಸಲೂ ಇಲ್ಲ. ಒಬ್ಬರು ಮಾಳಮಡ್ಡಿಯ ಬಸ್ಸು ಹತ್ತಿದರು, ಇನ್ನೊಬ್ಬರು ಡಿಪೋದ ಬಸ್ಸು.

ಬೇರೆಯಾದಾಗಿನಿಂದ ವಾದಿರಾಜನ ವಾರಗಳಲ್ಲಿ ಮಂದಾಕಿನಿಗೆ ನಸುಕಿನಲ್ಲೇ ಎಚ್ಚರವಾಗುತ್ತಿತ್ತು. ಎದ್ದು ಏನು ಮಾಡಬೇಕೆಂದು ತಿಳಿಯದೆ ಅತ್ತಿಗೆಯ ಅಡುಗೆಮನೆಯಲ್ಲಿ ಚಹಾ ಕಾಸುತ್ತಿದ್ದಳು. ಆ ಮನೆಯಲ್ಲಿ ದೇವರಿಗೆ ಗಂಧವಿಲ್ಲ, ಮಗಳು ಯಾವ ಸದ್ದಿಗೆ ಏಳುತ್ತಾಳೋ ಎಂದು ಕೈ ಚಡಪಡಿಸುತ್ತಿತ್ತು.

ಮುಂದಿನ ಅವನ ವಾರ ಬಂತು. ಬಿಸಿಲು ಕಿಟಕಿ ದಾಟಿ ಹಾಸಿಗೆಯ ಮೇಲೆ ಬಿದ್ದರೂ ಅವಳು ಏಳಲಿಲ್ಲ. ಸುನಂದಾ ಬಾಗಿಲಲ್ಲಿ ನಿಂತು ಗಾಬರಿಯಿಂದ ಕೂಗಿದಳು. “ಮಂದಾ, ಆರಾಮ ಇದ್ದೀ ಇಲ್ಲ? ಇವತ್ತ ನನ್ನ ಚಹಾ ಕೆಡಸಲಿಕ್ಕೂ ಬರಲಿಲ್ಲಲ್ಲ!”

ಮಂದಾಕಿನಿ ಕಣ್ಣು ತೆರೆಯದೆಯೇ ಮಗ್ಗುಲು ಬದಲಿಸಿದಳು. ಬಲಗೈ ತಲೆದಿಂಬಿನ ಕೆಳಗೆ ಬೆಚ್ಚಗೆ, ಸುಮ್ಮನೆ ಮಲಗಿತ್ತು.

“ಆರಾಮ ಇದ್ದೀನಿ ವೈನಿ,” ಎಂದಳು. “ಅಲ್ಲೆ ಮುಂಜಾನಿ ಆಗಿರ್ತದ. ಇನ್ನಷ್ಟು ಮಕ್ಕೋತೀನಿ.”